ಕಿವಿಯ ಹಿಂದೆ ಉಳಿಸಿದ ಸೀರು

ಆ ಹಾಸ್ಟೆಲಿನ ಹುಡುಗಿಯರು ಅವಳನ್ನು ಎದುರಿಗೆ ‘ಆಯಮ್ಮ’ ಎಂದು ಕರೆಯುತ್ತಿದ್ದರು, ಬೆನ್ನ ಹಿಂದೆ ‘ಸೀರಣಿಗೆ’ ಎನ್ನುತ್ತಿದ್ದರು. ಹೇನು, ಸೀರು ಬಾಚಿ ತೆಗೆಯುವ ಒತ್ತು ಹಲ್ಲಿನ ಬಾಚಣಿಗೆಯೇ ಸೀರಣಿಗೆ. ಅದು ಸದಾ ಅವಳ ಜೇಬಿನಲ್ಲಿರುತ್ತಿತ್ತು. ಇಂಥದೊಂದು ಅಡ್ಡಹೆಸರು ತನಗಿದೆ ಎಂದು ಅವಳಿಗೆ ಗೊತ್ತಿತ್ತು, ಗೊತ್ತಿಲ್ಲದವಳಂತೆ ಇದ್ದುಬಿಟ್ಟಿದ್ದಳು.

ಬಟ್ಟೆ ಮಡಚುವುದು, ಜ್ವರ ಬಂದವರ ಪಕ್ಕ ಕೂರುವುದು, ಹಾಸಿಗೆ ಒದ್ದೆ ಮಾಡಿಕೊಂಡವರನ್ನು ಉಳಿದವರು ಏಳುವ ಮೊದಲೇ ಎಬ್ಬಿಸಿ ಬಟ್ಟೆ ಬದಲಾಯಿಸಿ ಯಾರಿಗೂ ಸುಳಿವು ಸಿಗದಂತೆ ನೋಡಿಕೊಳ್ಳುವುದು, ಇವೆಲ್ಲ ಅವಳ ಕೆಲಸಗಳೇ. ಆದರೆ ಅವಳ ಹೆಸರು ಅಂಟಿಕೊಂಡಿದ್ದು ರಜೆಯ ದಿನದ ಬೆಳಗಿನ ಕೆಲಸಕ್ಕೆ. ಹಿಂದಿನ ವರಾಂಡದಲ್ಲಿ ಬಿಸಿಲು ಬೀಳುವ ಕಡೆ ಸ್ಟೂಲು ಹಾಕಿಕೊಂಡು, ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿ, ಪಕ್ಕದಲ್ಲಿ ಸೋಪು ಕದಡಿದ ಬಿಸಿನೀರಿನ ಬೋಗುಣಿ ಇಟ್ಟುಕೊಂಡು ಅವಳು ಕೂರುತ್ತಿದ್ದಳು. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಮುಂದೆ ಕೂತು ತಲೆಯನ್ನು ಅವಳ ತೊಡೆಗೆ ಒಪ್ಪಿಸುತ್ತಿದ್ದರು.

ಇಷ್ಟು ವರ್ಷ ಮಾಡಿದರೂ ಆ ಕೆಲಸದ ಹೇಸಿಗೆ ಅವಳಿಗೆ ಹೋಗಿರಲಿಲ್ಲ. ಕೊಬ್ಬಿದ ಹೇನೊಂದು ಬಿಳಿ ಬಟ್ಟೆಯ ಮೇಲೆ ಬಿದ್ದು ಕಾಲಾಡಿಸಿದರೆ ಅವಳ ಮೈ ಜುಮ್ಮೆನ್ನುತ್ತಿತ್ತು. ಉಗುರಿನ ಮೇಲಿಟ್ಟು ಇನ್ನೊಂದು ಉಗುರಿನಿಂದ ಒತ್ತಿದಾಗ ಬರುವ ‘ಚಿಟ್’ ಸದ್ದಿಗೆ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಕೆಲಸ ಮುಗಿದ ಮೇಲೆ ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆದರೂ ಅವತ್ತು ಮಧ್ಯಾಹ್ನದ ಊಟ ಸರಿಯಾಗಿ ಇಳಿಯುತ್ತಿರಲಿಲ್ಲ. ಇದು ಎಲ್ಲರಿಗೂ ಕಾಣುತ್ತಿತ್ತು. ಕಾಣದೆ ಇದ್ದದ್ದು ಇನ್ನೊಂದು. ಅಪ್ಪಚ್ಚಿಯಾಗುವ ಮೊದಲು ಕೂದಲೆಳೆಯನ್ನು ಆರು ಕಾಲಿನಿಂದಲೂ ಅವುಚಿ ಹಿಡಿದಿರುತ್ತಿದ್ದ ಆ ಪ್ರಾಣಿಯನ್ನು ಅವಳು ಒಂದು ಗಳಿಗೆ ನೋಡುತ್ತಿದ್ದಳು. ಅದರ ಹೊಟ್ಟೆಯಲ್ಲಿ ಕಪ್ಪಗೆ ಕಾಣುವುದು ಆ ಮಗುವಿನದೇ ರಕ್ತ. ಇದನ್ನು ಒತ್ತಿದರೆ ಸಾಯುವುದು ಯಾರು, ಎಷ್ಟು ಪಾಲು ಹೇನು, ಎಷ್ಟು ಪಾಲು ಮಗು ಎಂದು ಅವಳಿಗೆ ಅನುಮಾನ ಬರುತ್ತಿತ್ತು. ಆಮೇಲೆ ಒತ್ತುತ್ತಿದ್ದಳು.

ಅವಳ ಗಂಡ ಅದೇ ಹಾಸ್ಟೆಲಿನ ಅಡುಗೆಯವನು. ಮಾತಿನ ಮನುಷ್ಯ. ‘ನೋಡು, ನನ್ನ ಬೇಳೇಲಿ ಹುಳ ಸಿಕ್ಕಿದ್ರೆ ನನ್ನ ಕೆಲಸ ಹೋಗುತ್ತೆ. ಮಕ್ಕಳ ತಲೇಲಿ ಹುಳ ಸಿಗದಿದ್ರೆ ನಿನ್ನ ಕೆಲಸ ಹೋಗುತ್ತೆ. ದೇವರು ನಮ್ಮಿಬ್ರನ್ನೂ ಸರಿಯಾಗೇ ಗಂಟು ಹಾಕಿದ್ದಾನೆ’ ಎಂದು ನಗಿಸುತ್ತಿದ್ದ. ನಗಿಸಿದರೂ ಅವಳು ತಲೆಗೆ ನೀರು ಹಾಕಿಕೊಂಡು ಬರುವ ತನಕ ತನ್ನ ದಿಂಬನ್ನು ಮುಟ್ಟಲು ಬಿಡುತ್ತಿರಲಿಲ್ಲ. ಅವರಿಗೊಬ್ಬ ಮಗನಿದ್ದ. ಹೇನಿನ ಹೆದರಿಕೆಗೆ ಅಪ್ಪನೇ ಅವನ ತಲೆಯನ್ನು ತಿಂಗಳು ತಿಂಗಳು ಮೆಷಿನ್ನಿನಿಂದ ಸವರಿ ತೆಂಗಿನ ಚಿಪ್ಪಿನ ಹಾಗೆ ಮಾಡಿಡುತ್ತಿದ್ದ. ಹಾಗಾಗಿ ಊರವರ ಮಕ್ಕಳ ತಲೆಯೆಲ್ಲ ಅವಳ ಬೆರಳಿಗೆ ಪರಿಚಯ, ಸ್ವಂತ ಮಗನ ತಲೆಯೊಂದು ಬಿಟ್ಟು.

ಹೇನಿಗೂ ಅವಳಿಗೂ ಇದ್ದ ನಂಟು ಹಾಸ್ಟೆಲಿಗಿಂತ ಹಳೆಯದು.

ಅವಳ ಅಮ್ಮ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದವಳು. ಬೆಳಿಗ್ಗೆ ಹೋದರೆ ಕತ್ತಲಾಗುವಾಗ ಬರುವಳು. ಬರುವಾಗ ಮೈಯೆಲ್ಲ ಕಾದಿರುತ್ತಿತ್ತು, ನಾಲಿಗೆಯೂ ಕಾದಿರುತ್ತಿತ್ತು. ಮಕ್ಕಳು ಹತ್ತಿರ ಬಂದರೆ ‘ಮೇಲೆ ಬೀಳ್ಬೇಡಿ, ಸೆಕೆ’ ಎನ್ನುವಳು. ಮುದ್ದು ಮಾಡಲು ಬಾರದ ಹೆಂಗಸು ಎಂದಲ್ಲ, ಮುದ್ದು ಮಾಡುವಷ್ಟು ಹೊತ್ತು ಅವಳ ಕೈಯಲ್ಲಿ ಉಳಿಯುತ್ತಿರಲಿಲ್ಲ. ಆದರೆ ರಜೆಯ ದಿನ ಮಧ್ಯಾಹ್ನ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು, ‘ಬಾರೆ ಇಲ್ಲಿ, ತಲೆ ತೋರ್ಸು’ ಎನ್ನುವಳು. ಅದೊಂದು ಹೊತ್ತು ಅವಳ ಕೈ ಬೇರೆಯಾಗುತ್ತಿತ್ತು. ಬೊಬ್ಬೆಯೆದ್ದು ಗಟ್ಟಿಯಾದ ಅದೇ ಬೆರಳುಗಳು ಕೂದಲನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದವು. ಹೇನು ಹುಡುಕುತ್ತಾ ಅವಳು ತಾನು ಚಿಕ್ಕವಳಿದ್ದಾಗಿನ ಕತೆ ಹೇಳುವಳು, ಇಲ್ಲವೇ ಸುಮ್ಮನೆ ಗುನುಗುವಳು. ಹುಡುಗಿ ಅಮ್ಮನ ತೊಡೆಯ ಮೇಲೆ ಕೆನ್ನೆಯೊತ್ತಿ, ಇಸ್ತ್ರಿಯ ಬೆಚ್ಚನೆಯ ವಾಸನೆ ಹೀರುತ್ತಾ, ಇನ್ನೂ ಒಂದು ಸಿಗಲಿ, ಇನ್ನೂ ಒಂದು ಸಿಗಲಿ ಎಂದುಕೊಳ್ಳುತ್ತಿದ್ದಳು.

ಒಂದು ಸಲ ಯಾರೋ ಹೇಳಿದ ಎಣ್ಣೆಯನ್ನು ಅಮ್ಮ ತಂದು ಇಬ್ಬರು ಮಕ್ಕಳ ತಲೆಗೂ ಹಚ್ಚಿದಳು. ಎಣ್ಣೆ ಒಳ್ಳೆಯದೇ ಇರಬೇಕು. ಮುಂದಿನ ರಜೆಯ ದಿನ ಅಮ್ಮ ನಾಲ್ಕು ಕಡೆ ಬಿಡಿಸಿ ನೋಡಿ, ‘ಏನೂ ಇಲ್ಲ, ಏಳು’ ಎಂದು ತಲೆಯನ್ನು ಪಕ್ಕಕ್ಕೆ ತಳ್ಳಿದಳು. ಅದರ ಮುಂದಿನ ವಾರವೂ ಹಾಗೇ. ಅದಾದ ಮೇಲೆ ಕರೆಯುವುದನ್ನೇ ಬಿಟ್ಟಳು.

ಹುಡುಗಿಯ ಪಕ್ಕದ ಬೆಂಚಿನವಳ ತಲೆಯಲ್ಲಿ ಹೇನಿಗೆ ಬರವಿರಲಿಲ್ಲ. ಒಂದು ಹೊಸ ರಬ್ಬರು ಕೊಟ್ಟದ್ದಕ್ಕೆ ಆ ಹುಡುಗಿ ಬೆಂಕಿಪೊಟ್ಟಣದಲ್ಲಿ ಒಂದು ಹೇನು ಹಾಕಿಕೊಟ್ಟಳು. ಇವಳು ಮನೆಗೆ ಬಂದು ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಪೊಟ್ಟಣ ತೆರೆದಳು. ಕಣ್ಣು ಮುಚ್ಚಿಕೊಂಡು ಅದನ್ನು ಬೈತಲೆಯ ಮೇಲೆ ಬಿಟ್ಟುಕೊಂಡಳು. ಅದು ಸರಸರ ನಡೆದು ಕೂದಲೊಳಗೆ ಹೋದಾಗ ಕುತ್ತಿಗೆಯ ಹಿಂದಿನ ರೋಮವೆಲ್ಲ ನಿಂತಿತು. ಕಿತ್ತೆಸೆಯಬೇಕು ಎಂದು ಕೈ ಮೇಲೆ ಹೋಯಿತು, ಅಷ್ಟರಲ್ಲೇ ಇಳಿಯಿತು. ಶಾಲೆಯಲ್ಲಿ ಕೂತಾಗ ಅದು ಕಚ್ಚಿದರೆ ಅಸಹ್ಯವಾಗುತ್ತಿತ್ತು. ಅದರ ಹಿಂದೆಯೇ, ಪಾಪ, ಹಸಿವಾಗಿರಬೇಕು ಎನಿಸುತ್ತಿತ್ತು. ಮನಸ್ಸಿನಲ್ಲೇ ಅದನ್ನು ‘ಮರಿ’ ಎಂದು ಕರೆಯುತ್ತಿದ್ದಳು.

ಆ ವಾರ ಅವಳೇ ಹೋಗಿ, ‘ಅಮ್ಮಾ, ತಲೆ ಕಡೀತಿದೆ’ ಎಂದಳು. ಅಮ್ಮ ಬೈಯುತ್ತಲೇ ಹೊಸ್ತಿಲ ಮೇಲೆ ಕೂತಳು.

ಅವಳ ಅಕ್ಕನಿಗೆ ಆಗಷ್ಟೇ ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಅಕ್ಕನ ಕೂದಲು ಮಂಡಿ ಮುಟ್ಟುವಂಥದ್ದು. ಅದನ್ನು ನೋಡಿಯೇ ಅಂಗಡಿಯವರು ಗಿರಾಕಿಗಳ ಎದುರು ನಿಲ್ಲುವ ಕೆಲಸ ಕೊಟ್ಟರು ಎಂದು ಅಮ್ಮ ಬೀದಿಗೆಲ್ಲ ಹೇಳಿಕೊಂಡಿದ್ದಳು. ಬಿಳಿ ಕಾಲರಿನ ಅಂಗಿ, ಕಾಲಿಗೆ ಹೊಸ ಚಪ್ಪಲಿ. ಅಕ್ಕ ತಂಗಿ ಮಲಗುತ್ತಿದ್ದದ್ದು ಮಾತ್ರ ಒಂದೇ ದಿಂಬಿನ ಮೇಲೆ.

ಕೆಲಸಕ್ಕೆ ಸೇರಿ ಕೆಲವೇ ದಿನಗಳಾಗಿತ್ತು. ಅಕ್ಕ ಬಗ್ಗಿ ಯಾರಿಗೋ ಬಟ್ಟೆ ಬಿಚ್ಚಿ ತೋರಿಸುತ್ತಿದ್ದಾಗ ಅವಳ ಬಿಳಿ ಕಾಲರಿನ ಮೇಲೆ ಹೇನೊಂದು ನಡೆದು ಬಂತು. ಗಿರಾಕಿ ಹೆಂಗಸು ಕಿರುಚಿ ಹಿಂದೆ ಸರಿದಳು. ಅಂಗಡಿಯವನು ಗದರಲಿಲ್ಲ. ‘ನಾಳೆಯಿಂದ ಬರ್ಬೇಡಮ್ಮ’ ಎಂದ, ಅಷ್ಟೆ.

ಅಂದು ಸಂಜೆ ಅಮ್ಮ ಅಕ್ಕನನ್ನು ಅಂಗಳದಲ್ಲಿ ಕೂರಿಸಿ ಲಾಂಡ್ರಿಯ ಕತ್ತರಿಯಿಂದ ಆ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿದಳು. ಅಕ್ಕ ಅಳಲೂ ಇಲ್ಲ, ‘ಎಲ್ಲಿಂದ ಬಂತೋ ಏನೋ’ ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ತಂಗಿ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು. ಅಮ್ಮ ಕತ್ತರಿಸಿದ ಜಡೆಯನ್ನು ಒದರಿ, ಬಿದ್ದ ಹೇನುಗಳನ್ನು ಕಲ್ಲಿನ ಮೇಲೆ ಉಗುರಿನಿಂದ ಒತ್ತುತ್ತಿದ್ದಳು. ಪ್ರತಿ ಸದ್ದಿಗೂ ಹುಡುಗಿಯ ಎದೆ ಚುರುಕ್ಕೆನ್ನುತ್ತಿತ್ತು. ತಾನು ಮರುಗುತ್ತಿರುವುದು ಅಕ್ಕನಿಗಲ್ಲ, ಹೇನಿಗೆ ಎಂದು ಅವಳಿಗೆ ತಟ್ಟನೆ ಹೊಳೆಯಿತು. ಆ ಗಳಿಗೆಯ ನಾಚಿಕೆಯನ್ನು ಅವಳು ಜೀವಮಾನವಿಡೀ ನುಂಗುತ್ತಲೇ ಇದ್ದಳು, ಅದು ಕೆಳಗಿಳಿಯಲಿಲ್ಲ.

ಅಕ್ಕ ಬೇರೆ ಅಂಗಡಿಗಳಿಗೆ ಹೋಗಿ ಕೇಳಲಿಲ್ಲ. ಅಮ್ಮನ ಜೊತೆ ಲಾಂಡ್ರಿಗೆ ಹೋಗತೊಡಗಿದಳು. ಇಸ್ತ್ರಿಪೆಟ್ಟಿಗೆ ಎತ್ತಿ ಎತ್ತಿ ಅವಳ ಬಲಭುಜ ಜಾರಿತು. ಸೆಕೆಗೆ ಉದ್ದ ಕೂದಲು ಆಗದು ಎಂದು ಮತ್ತೆ ಬೆಳೆಸಲೂ ಇಲ್ಲ.

ಮದುವೆಯಾಗಿ ಹಾಸ್ಟೆಲಿಗೆ ಬಂದ ಮೇಲೆ ತಂಗಿಗೆ ಈ ಗುಟ್ಟನ್ನು ಹೊತ್ತುಕೊಂಡಿರಲು ಆಗಲಿಲ್ಲ. ಒಂದು ಮಧ್ಯಾಹ್ನ ಲಾಂಡ್ರಿಗೆ ಹೋಗಿ, ಅಕ್ಕ ಚಾದರಕ್ಕೆ ಇಸ್ತ್ರಿ ಹಾಕುತ್ತಿದ್ದಾಗ ಇನ್ನೊಂದು ತುದಿ ಹಿಡಿದುಕೊಂಡು, ಬೆಂಕಿಪೊಟ್ಟಣದಿಂದ ಹಿಡಿದು ಎಲ್ಲ ಹೇಳಿಬಿಟ್ಟಳು. ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

‘ಇದನ್ನ ನಂಗ್ಯಾಕೆ ಹೇಳಿದೆ?’

‘ತಡ್ಕೊಳೋಕೆ ಆಗ್ಲಿಲ್ಲ ಅಕ್ಕಾ. ಕ್ಷಮಿಸಿಬಿಡು.’

‘ಹೇನು ಯಾರ ತಲೆಗೆ ಬೇಕಾದ್ರೂ ಬರುತ್ತೆ, ನನ್ನ ತಲೆಗೆ ಬಂತು ಅಂದ್ಕೊಂಡು ಹಾಯಾಗಿದ್ದೆ ನಾನು. ಈಗ ನಿನ್ನ ಮೇಲೆ ಸಿಟ್ಟು ಇಟ್ಕೊಂಡು ಇರ್ಬೇಕು. ನೀನು ಹಗುರ ಆದೆ, ಅಲ್ವಾ?’

ಬೈದಿದ್ದರೆ, ಹೊಡೆದಿದ್ದರೆ ಚೆನ್ನಾಗಿತ್ತು. ಅಕ್ಕ ಚಾದರದ ತುದಿಯನ್ನು ಅವಳ ಕೈಯಿಂದ ಬಿಡಿಸಿಕೊಂಡು ಒಬ್ಬಳೇ ಮಡಚಿದಳು. ಅದಾದ ಮೇಲೂ ಅಕ್ಕ ಮಾತಾಡಿಸುತ್ತಿದ್ದಳು, ಬಂದರೆ ಊಟಕ್ಕೆ ಹಾಕುತ್ತಿದ್ದಳು. ಆದರೆ ನೆಂಟರನ್ನು ಮಾತಾಡಿಸಿದ ಹಾಗೆ ಮಾತಾಡಿಸುತ್ತಿದ್ದಳು.

ಕಡ್ಡಿ ಎಂಬ ಹುಡುಗಿ ಹಾಸ್ಟೆಲಿಗೆ ಬಂದದ್ದು ಇದಾಗಿ ಬಹಳ ವರ್ಷಗಳ ಮೇಲೆ. ಅವಳ ತಾಯಿ ಎಲ್ಲೋ ದೂರದೇಶದಲ್ಲಿ ಯಾರದೋ ಮನೆಯಲ್ಲಿ ಯಾರದೋ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಚಿಕ್ಕಮ್ಮ ತಂದು ಬಿಟ್ಟುಹೋದಳು. ಕೈಕಾಲು ಎರಡೂ ಕಡ್ಡಿಯ ಹಾಗೆ ಇದ್ದದ್ದಕ್ಕೆ ಹುಡುಗಿಯರು ಮೊದಲ ದಿನವೇ ಆ ಹೆಸರಿಟ್ಟರು. ಯಾರ ಜೊತೆಗೂ ಸೇರುತ್ತಿರಲಿಲ್ಲ, ಕೇಳಿದ್ದಕ್ಕೆ ಹ್ಞೂಂ ಎಂದರೆ ಹೆಚ್ಚು.

ಮೊದಲ ಸಲ ವರಾಂಡದಲ್ಲಿ ತಲೆ ಇಟ್ಟಾಗ ಅವಳ ಮೈಯೆಲ್ಲ ಬಿಗಿದುಕೊಂಡಿತ್ತು. ಆಯಮ್ಮ ಎಣ್ಣೆ ಹಚ್ಚಿ ನಿಧಾನವಾಗಿ ಬಿಡಿಸುತ್ತಾ ಹೋದಳು. ಅರ್ಧ ತಲೆ ಮುಗಿಯುವ ಹೊತ್ತಿಗೆ ತೊಡೆಯ ಮೇಲಿನ ಭಾರ ಹೆಚ್ಚಾಯಿತು. ಬಗ್ಗಿ ನೋಡಿದರೆ ಹುಡುಗಿ ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದಳು. ಆಯಮ್ಮ ಹಿಂದೆ ಕಾಯುತ್ತಿದ್ದವರಿಗೆ ಸದ್ದು ಮಾಡಬೇಡಿ ಎಂದು ಕೈಸನ್ನೆ ಮಾಡಿದಳು.

ನಾಲ್ಕಾರು ವಾರಗಳಲ್ಲಿ ಎಲ್ಲರ ತಲೆಯೂ ಶುದ್ಧವಾಯಿತು, ಕಡ್ಡಿಯದೊಂದು ಬಿಟ್ಟು. ಪ್ರತಿ ಸಲವೂ ಅವಳ ತಲೆಯಲ್ಲಿ ಎರಡೋ ಮೂರೋ ಸಿಗುತ್ತಿದ್ದವು. ಆಯಮ್ಮ ಅವಳ ದಿಂಬಿನ ಚೀಲ ಕುದಿಸಿದಳು, ಹಾಸಿಗೆ ಬಿಸಿಲಿಗೆ ಹಾಕಿದಳು. ಊಹ್ಞೂಂ.

ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಆಯಮ್ಮ ಒಗೆಯುವ ಬಟ್ಟೆ ತೆಗೆದುಕೊಂಡು ನೀರಿನ ಟ್ಯಾಂಕಿನ ಕಡೆ ಹೋದಳು. ಟ್ಯಾಂಕಿನ ನೆರಳಿನಲ್ಲಿ ಕಡ್ಡಿಯೂ, ಮನೆಯಿಂದ ಶಾಲೆಗೆ ಬಂದುಹೋಗುವ ಗುಂಗುರು ಕೂದಲಿನ ಒಬ್ಬ ಹುಡುಗಿಯೂ ಕೂತಿದ್ದರು. ಕಡ್ಡಿ ಆ ಹುಡುಗಿಯ ತಲೆ ಕೆದಕಿ, ಹೆಬ್ಬೆರಳು ತೋರುಬೆರಳಿನ ತುದಿ ಸೇರಿಸಿ ಏನನ್ನೋ ಹಿಡಿದು, ಮುಖ ಸಿಂಡರಿಸಿಕೊಂಡು, ತನ್ನ ಕಿವಿಯ ಮೇಲೆ ಕೂದಲೊಳಗೆ ಬಿಟ್ಟುಕೊಂಡಳು. ಆಮೇಲೆ ಭುಜ ಕುಣಿಸಿ ನಡುಗಿದಳು.

ಆಯಮ್ಮನಿಗೆ ಕೈಯಲ್ಲಿದ್ದ ಬಟ್ಟೆಯ ಗಂಟು ಕೆಳಗಿಡಬೇಕೆಂದೂ ತೋಚಲಿಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ಹೋದಳು.

ಹೇಳಬೇಕಿತ್ತು. ಹುಡುಗಿಯನ್ನು ಪಕ್ಕಕ್ಕೆ ಕರೆದು ಕೇಳಬೇಕಿತ್ತು. ಅದೇನೂ ಮಾಡಲಿಲ್ಲ. ಮುಂದಿನ ರಜೆಯ ದಿನ ಅವಳು ಕಡ್ಡಿಯ ತಲೆಯಲ್ಲಿದ್ದ ಹೇನುಗಳನ್ನು ತೆಗೆದಳು. ಎಡಗಿವಿಯ ಹಿಂದೆ, ಕೂದಲು ಮೆತ್ತಗಿರುವ ಜಾಗದಲ್ಲಿ ಅಂಟಿಕೊಂಡಿದ್ದ ಸೀರುಗಳನ್ನು ಮಾತ್ರ ನೋಡಿಯೂ ಬಿಟ್ಟಳು. ಹೀಗೆ ಮಾಡಿದರೆ ಮಗು ಬೇರೆಯವರ ತಲೆಯಿಂದ ತಂದುಕೊಳ್ಳುವ ಹೇಸಿಗೆ ಕೆಲಸ ಮಾಡಬೇಕಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಸೀರು ಒಡೆದು ಮರಿಯಾಗುತ್ತಿತ್ತು, ಮರಿ ಹೇನಾಗುತ್ತಿತ್ತು. ವಾರ ವಾರವೂ ಕಡ್ಡಿ ಸಾಲಿನ ಕೊನೆಗೆ ನಿಂತು, ಹಿಂದೆ ಯಾರೂ ಇಲ್ಲದಂತೆ ನೋಡಿಕೊಂಡು ಬಂದು ತಲೆ ಇಡುತ್ತಿದ್ದಳು. ಈಗೀಗ ಮಾತೂ ಆಡುತ್ತಿದ್ದಳು. ಅವಳ ಅಮ್ಮ ಶಿಳ್ಳೆ ಹಾಕುತ್ತಾ ಪಾತ್ರೆ ತೊಳೆಯುತ್ತಾಳಂತೆ, ಫೋನಿನಲ್ಲಿ ಅವಳ ದನಿ ಮೊದಲಿನ ಹಾಗಿಲ್ಲವಂತೆ.

ಗಂಡನ ಕಣ್ಣಿಗೆ ಇದು ಬೀಳದೆ ಇರಲಿಲ್ಲ. ‘ಏನೇ, ಎಲ್ಲರ ತಲೇನೂ ಬೀಳು ಬಿತ್ತು. ಆ ಹುಡುಗಿ ತಲೇಲಿ ಮಾತ್ರ ವರ್ಷಕ್ಕೆ ಮೂರು ಬೆಳೆ ತೆಗೀತಿದ್ದೀಯಲ್ಲ?’

‘ಸುಮ್ನಿರ್ರೀ, ಅದಕ್ಕೆ ಎಣ್ಣೆ ಹಿಡಿಯಲ್ಲ’ ಎಂದು ಅವಳು ಬಾಯಿ ಮುಚ್ಚಿಸಿದಳು. ಮುಖವನ್ನು ಮಾತ್ರ ಬೇರೆ ಕಡೆ ತಿರುಗಿಸಿಕೊಂಡಳು.

ಚಳಿಗಾಲ ಬಂತು. ಚಿಕ್ಕ ಹುಡುಗಿಯರು ಒಂದೊಂದು ಹಾಸಿಗೆಯಲ್ಲಿ ಇಬ್ಬಿಬ್ಬರು ಸೇರಿ ಮಲಗತೊಡಗಿದರು. ಆಯಮ್ಮನ ಬಿಳಿ ಬಟ್ಟೆಯ ಮೇಲೆ ಮೊದಲು ಒಬ್ಬಳ ತಲೆಯಿಂದ, ಆಮೇಲೆ ನಾಲ್ವರ ತಲೆಯಿಂದ, ಆಮೇಲೆ ಇಡೀ ಕೋಣೆಯ ತಲೆಗಳಿಂದ ಹೇನು ಉದುರಿದವು. ಬೆಳಿಗ್ಗೆಯಿಂದ ಸಂಜೆವರೆಗೆ ಕೂತರೂ ಮುಗಿಯುತ್ತಿರಲಿಲ್ಲ. ಅವುಗಳನ್ನು ಬೋಗುಣಿಗೆ ಜಾಡಿಸುವಾಗ ಇವೆಲ್ಲ ನಾನು ಉಳಿಸಿದ ಸಂತಾನವೇ ಎಂದು ಅವಳಿಗೆ ಎನಿಸುತ್ತಿತ್ತು. ಒಬ್ಬ ಹುಡುಗಿಯ ಕುತ್ತಿಗೆ ಕೆರೆದು ಕೆರೆದು ಹುಣ್ಣಾಯಿತು. ಅವಳ ತಂದೆ ಬಂದು ಕಚೇರಿಯಲ್ಲಿ ಗಂಟಲು ಹರಿಯುವಂತೆ ಕೂಗಾಡಿ ಹೋದ.

ಹೇನು ಎಲ್ಲಿಂದ ಶುರುವಾಯಿತು ಎಂದು ಹುಡುಗಿಯರಿಗೆ ಯಾರೂ ಹೇಳಬೇಕಾಗಿರಲಿಲ್ಲ. ವರ್ಷವಿಡೀ ಯಾರ ತಲೆಯಲ್ಲಿ ಇತ್ತು ಎಂದು ಎಲ್ಲರೂ ನೋಡಿದ್ದರು. ಕಡ್ಡಿ ಈಗ ‘ಹೇನಿನ ಗೂಡು’ ಆದಳು. ಊಟಕ್ಕೆ ಕೂತರೆ ಅಕ್ಕಪಕ್ಕದವರು ತಟ್ಟೆ ಎತ್ತಿಕೊಂಡು ಹೋದರು. ಅವಳ ಹಾಸಿಗೆಯನ್ನು ಯಾರೋ ಎಳೆದು ಹಳೆಯ ಡೆಸ್ಕುಗಳನ್ನು ತುಂಬಿದ್ದ ಕೋಣೆಗೆ ಹಾಕಿದರು. ಹುಡುಗಿ ದಿಂಬು ತೆಗೆದುಕೊಂಡು ಅಲ್ಲಿಗೆ ಹೋದಳು.

ವಾರ್ಡನ್ ಮೇಡಂ ಆಯಮ್ಮನನ್ನು ಕರೆಸಿ ಹೇಳಿದರು, ‘ನಾಳೆ ಕ್ಷೌರದವರನ್ನ ಕರೆಸ್ತೀನಿ. ಎಲ್ಲರ ಕೂದಲೂ ಗಿಡ್ಡ ಆಗ್ಲಿ. ಆ ಹುಡುಗಿಯ ಚಿಕ್ಕಮ್ಮನಿಗೂ ಫೋನ್ ಮಾಡ್ತೀನಿ, ಕರ್ಕೊಂಡು ಹೋಗ್ಲಿ. ಒಬ್ಬಳಿಗೋಸ್ಕರ ಇಷ್ಟು ಮಕ್ಕಳು ಅನುಭವಿಸೋದು ಬೇಡ.’

ಆಯಮ್ಮ ಸರಿ ಎಂದು ತಲೆಯಾಡಿಸಿ ಹೊರಗೆ ಬಂದಳು. ಕಾರಿಡಾರಿನ ತುದಿಯವರೆಗೆ ಹೋದಳು. ನಿಜ ಹೇಳುವುದೆಂದರೆ ಅವಳಿಗೆ ಲಾಂಡ್ರಿಯ ಆ ಮಧ್ಯಾಹ್ನವೇ ಕಣ್ಣಿಗೆ ಕಟ್ಟುತ್ತಿತ್ತು: ತಾನು ಹಗುರವಾಗಲು ಇನ್ನೊಬ್ಬರ ತಲೆಗೆ ಭಾರ ದಾಟಿಸುವುದು. ಆದರೆ ಇಲ್ಲಿ ಭಾರ ಆಗಲೇ ಒಬ್ಬಳ ತಲೆಯ ಮೇಲೆ ಇತ್ತು, ಅದೂ ಅವಳದಲ್ಲದ ಭಾರ. ಆಯಮ್ಮ ತಿರುಗಿ ಬಂದು ಬಾಗಿಲಲ್ಲೇ ನಿಂತಳು.

‘ಮೇಡಂ, ಅದು ಆ ಹುಡುಗಿ ತಪ್ಪಲ್ಲ. ನಾನೇ ಬಿಟ್ಟಿದ್ದು.’

‘ಏನು ಬಿಟ್ಟಿದ್ದು?’

‘ಸೀರು. ಅವಳ ಕಿವಿ ಹಿಂದೆ. ಕಂಡ್ರೂ ತೆಗೀತಿರ್ಲಿಲ್ಲ. ಬೇಕು ಅಂತ್ಲೇ.’

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟವರಲ್ಲ ಅವರು. ಆದರೆ ಇಂಥದ್ದನ್ನು ಕೇಳಿ ಅಭ್ಯಾಸವಿರಲಿಲ್ಲ. ‘ಆಯಮ್ಮ, ನಿಮ್ಮ ಕೆಲಸ ಹೇನು ತೆಗೆಯೋದು. ಸಾಕೋದಲ್ಲ. ಯಾಕೆ ಹೀಗೆ ಮಾಡಿದ್ರಿ?’

‘ಅವಳಿಗೆ ತೊಡೆ ಬೇಕಿತ್ತು ಮೇಡಂ. ಹೇನು ಹೋದ್ರೆ ಬರೋದು ನಿಲ್ಲಿಸಿಬಿಡ್ತಾಳೆ ಅಂತ.’

ಮೇಡಂ ಬೈಗುಳದ ದನಿಯಲ್ಲಲ್ಲ, ಅರ್ಥವಾಗದವರು ಕೇಳುವ ದನಿಯಲ್ಲಿ ಕೇಳಿದರು: ‘ತೊಡೆ ಬೇಕಿದ್ರೆ ಸುಮ್ನೆ ಕೂರಿಸ್ಕೋಬಹುದಿತ್ತಲ್ಲ? ಬೇಡ ಅಂದೋರು ಯಾರು?’

ಹುಳವಿಲ್ಲದ ತಲೆಯನ್ನು ಸುಮ್ಮನೆ ತೊಡೆಯ ಮೇಲೆ ಇಟ್ಟುಕೊಳ್ಳಬಹುದು ಎಂಬುದು ಆಯಮ್ಮನಿಗೆ ಅಲ್ಲಿಯವರೆಗೆ ಒಂದು ದಿನವೂ ಹೊಳೆದಿರಲಿಲ್ಲ. ಕೈಗೆ ಕೆಲಸವೊಂದು ನೆಪವಾಗಿ ಇಲ್ಲದಿದ್ದರೆ ಅವಳಿಗೆ ಯಾರನ್ನೂ ಮುಟ್ಟಲು ಬರುತ್ತಿರಲಿಲ್ಲ. ಮಗನ ನುಣ್ಣನೆ ಸವರಿದ ತಲೆ ನೆನಪಾಯಿತು. ಅವನು ಈಗ ಅಪ್ಪನ ಎತ್ತರಕ್ಕೆ ಬೆಳೆದಿದ್ದ. ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ನಿಂತು ಅತ್ತಳು. ಮೇಡಂ ಎದ್ದು ಬಂದು ಒಂದು ಲೋಟ ನೀರು ಕೊಟ್ಟರು. ಕಡ್ಡಿಯ ಚಿಕ್ಕಮ್ಮನಿಗೆ ಫೋನು ಹೋಗಲಿಲ್ಲ.

ಕ್ಷೌರದವರು ಮಾತ್ರ ಬಂದರು. ಹುಡುಗಿಯರು ಅತ್ತು ಕರೆದು, ಕೊನೆಗೆ ಒಬ್ಬರ ತಲೆ ನೋಡಿ ಒಬ್ಬರು ನಕ್ಕು, ಎಲ್ಲರೂ ಒಂದೇ ರೀತಿ ಗಿಡ್ಡವಾದರು. ಹುಣ್ಣಾಗಿದ್ದ ಹುಡುಗಿಯದೂ ಕಡ್ಡಿಯದೂ ಮಾತ್ರ ಬೋಳು. ಗಂಡ ಹೆಂಡತಿ ಇಬ್ಬರೂ ಅಡುಗೆಯ ದೊಡ್ಡ ಹಂಡೆಯಲ್ಲಿ ನೀರು ಕಾಯಿಸಿ ಹಾಸ್ಟೆಲಿನ ಅಷ್ಟೂ ಹೊದಿಕೆ, ದಿಂಬಿನ ಚೀಲ ಕುದಿಸಿದರು. ಗಂಡ ಕೋಲಿನಿಂದ ಹೊದಿಕೆಗಳನ್ನು ತಿರುವುತ್ತಾ ಏನಾದರೂ ತಮಾಷೆ ಮಾಡುತ್ತಾನೆ ಎಂದು ಅವಳು ಕಾದಳು. ಅವನು ಮಾಡಲಿಲ್ಲ. ‘ನಂಗೆ ಒಂದು ಮಾತು ಹೇಳಬಾರ್ದಿತ್ತೇನೆ?’ ಎಂದ, ಅಷ್ಟೆ.

ಆಯಮ್ಮ ಒಣಗಿದ ಹೊದಿಕೆಗಳನ್ನು ತೆಗೆಯುತ್ತಿದ್ದಾಗ ಕಡ್ಡಿ ಬಂದು ಎದುರಿಗೆ ನಿಂತಳು. ಬೋಳು ತಲೆಯಲ್ಲಿ ಅವಳ ಕಿವಿಗಳು ದೊಡ್ಡದಾಗಿ ಕಾಣುತ್ತಿದ್ದವು.

‘ನೀವೇ ಬಿಟ್ಟಿದ್ದಂತೆ. ಹೌದಾ?’

‘ಹೌದು ಮಗಾ.’

‘ನಾನು ತಂದು ಹಾಕ್ಕೊಳ್ತಿದ್ದದ್ದು ನಿಮಗೆ ಗೊತ್ತಿತ್ತಾ?’

‘ಗೊತ್ತಿತ್ತು.’

‘ನಾನು ತರೋದು ಯಾವಾಗ್ಲೋ ಬಿಟ್ಟುಬಿಟ್ಟಿದ್ದೆ. ಆ ಹುಳ ಅಂದ್ರೆ ನಂಗೆ ವಾಂತಿ ಬರುತ್ತೆ. ಆದ್ರೂ ಹೋಗ್ತಾನೇ ಇರ್ಲಿಲ್ಲ. ನಿದ್ದೇನೇ ಬರ್ತಿರ್ಲಿಲ್ಲ, ಅಷ್ಟು ಕಡೀತಿತ್ತು. ನನ್ನ ತಲೇನೇ ಸರಿ ಇಲ್ಲ ಅಂದ್ಕೊಂಡಿದ್ದೆ.’

ಆಯಮ್ಮ ಕೈಯಲ್ಲಿದ್ದ ಹೊದಿಕೆಯನ್ನು ಹಗ್ಗಕ್ಕೆ ಹಾಕಿ ಕೆಳಗೆ ಕೂತಳು. ಎರಡೂ ಕೈ ಚಾಚಿದಳು. ‘ಬಾ ಇಲ್ಲಿ. ಸುಮ್ನೆ ಬಾ.’

‘ಈಗ ಏನಿದೆ ನೋಡೋಕೆ?’ ಎಂದು ಹುಡುಗಿ ಓಡಿಹೋದಳು.

ತಲೆ ನೋಡುವ ಕೆಲಸವನ್ನು ಮೇಡಂ ಇನ್ನೊಬ್ಬ ಆಯಾಳಿಗೆ ಕೊಟ್ಟರು. ಇವಳು ಅಡುಗೆಮನೆಗೆ, ಗಂಡನ ಕೈಕೆಳಗೆ ಬಂದಳು. ಹಿತ್ತಲ ಬಾಗಿಲ ಬಳಿ ಮೊರ ಹಿಡಿದು ಅಕ್ಕಿ ಆರಿಸುವುದು, ಹುಳ ಬಿದ್ದ ಕಾಳನ್ನು ಬೇರೆ ಮಾಡುವುದು. ಕಡ್ಡಿ ಬಹಳ ದಿನ ಆ ಕಡೆ ಸುಳಿಯಲಿಲ್ಲ. ಊಟ ಬಡಿಸುವಾಗ ತಟ್ಟೆ ಮುಂದೆ ಹಿಡಿದರೂ ಮುಖ ಎತ್ತುತ್ತಿರಲಿಲ್ಲ. ಆಯಮ್ಮನೂ ಕರೆಯಲಿಲ್ಲ. ಕರೆಯುವ ಹಕ್ಕು ತನಗಿಲ್ಲ ಎಂದುಕೊಂಡಳು.

ಹುಡುಗಿಯ ತಲೆಯ ಮೇಲೆ ಬೆರಳಗಲ ಕೂದಲು ಬಂದ ಮೇಲೆ, ಒಂದು ಸಂಜೆ ಅವಳು ತಾನಾಗಿ ಬಂದು ಮೊರದ ಆಚೆ ಕೂತಳು. ಅಕ್ಕಿಯಲ್ಲಿ ಓಡಾಡುತ್ತಿದ್ದ ಕಂದು ಹುಳವೊಂದನ್ನು ಬೆರಳಿನಿಂದ ಆಚೆ ತಳ್ಳಿದಳು. ‘ಛೀ’ ಎಂದಳು. ಆಯಮ್ಮ ನಕ್ಕಳು. ಹುಡುಗಿ ನಗಲಿಲ್ಲ, ಎದ್ದೂ ಹೋಗಲಿಲ್ಲ. ಹುಳಗಳನ್ನು ಆಯಮ್ಮ ಒಂದು ಡಬ್ಬಿಗೆ ಹಾಕುತ್ತಿದ್ದಳು. ಒಲೆಗೆ ಹಾಕ್ತೀರಾ ಎಂದು ಹುಡುಗಿ ಕೇಳಿದಳು. ಇಲ್ಲ, ಹಿಂದೆ ಕಸದ ಗುಂಡಿಯ ಹತ್ತಿರ ಸುರೀತೀನಿ, ಬದುಕಿದ್ರೆ ಬದುಕಲಿ ಎಂದಳು ಆಯಮ್ಮ. ‘ಅಲ್ಲಿ ಕಾಗೆ ತಿನ್ನುತ್ತೆ’ ಎಂದಳು ಹುಡುಗಿ. ಅದೂ ನಿಜವೇ ಆಗಿತ್ತು.

ಅದಾದ ಮೇಲೆ ಆಗಾಗ ಬರುತ್ತಿದ್ದಳು. ತೊಡೆಯ ಮೇಲೆ ಮಾತ್ರ ಮತ್ತೆಂದೂ ತಲೆ ಇಡಲಿಲ್ಲ.

ಶಾಲೆಯ ವರ್ಷ ಮುಗಿಯುವ ಮೊದಲೇ ಕಡ್ಡಿಯ ತಾಯಿ ದೂರದೇಶದಿಂದ ಬಂದಳು, ಮಗಳನ್ನು ಕರೆದೊಯ್ಯಲು. ನೀಟಾದ ಉಡುಪಿನ, ದಣಿದ ಮುಖದ ಹೆಂಗಸು. ಆಯಮ್ಮ ಪೆಟ್ಟಿಗೆ ಹೊತ್ತುಕೊಂಡು ಗೇಟಿನವರೆಗೆ ಹೋದಳು. ತಾಯಿ ಮಗಳು ಒಬ್ಬರನ್ನೊಬ್ಬರು ಸಂಕೋಚದಿಂದ ನೋಡಿಕೊಳ್ಳುತ್ತಾ, ಬಸ್ಸಿಗೆ ಕಾಯುವ ಅಪರಿಚಿತರ ಹಾಗೆ ನಿಂತಿದ್ದರು.

‘ಇವಳ ಕೂದಲು ಯಾಕೆ ಇಷ್ಟು ಗಿಡ್ಡ?’ ಎಂದು ತಾಯಿ ಕೇಳಿದಳು. ಕೇಳುತ್ತಾ ಮಗಳ ತಲೆಯ ಮೇಲೆ ಕೈ ಇಡಹೋದಳು.

‘ಹೇನಾಗಿತ್ತು. ತಪ್ಪು ನನ್ನದು’ ಎಂದಳು ಆಯಮ್ಮ.

ತಾಯಿಯ ಕೈ ಅರ್ಧದಲ್ಲೇ ನಿಂತು ಹಿಂದಕ್ಕೆ ಬಂತು. ಬೇಕೆಂದು ಮಾಡಿದ್ದಲ್ಲ, ಮೈಯೇ ಹಿಂಜರಿದಿತ್ತು. ಹುಡುಗಿ ಅದನ್ನು ನೋಡಿದಳು. ನೋಡಿ ತಲೆ ತಗ್ಗಿಸಿ ಚಪ್ಪಲಿಯ ತುದಿಯಿಂದ ಮಣ್ಣು ಕೆದಕತೊಡಗಿದಳು.

ಆಯಮ್ಮ ಪೆಟ್ಟಿಗೆಯನ್ನು ಕೆಳಗಿಟ್ಟಳು. ‘ಈಗ ಏನೂ ಇಲ್ಲಮ್ಮ. ಮುಟ್ಟಿ’ ಎಂದಳು. ತಾಯಿಯ ಕೈ ಮೇಲೇಳಲಿಲ್ಲ. ಆಯಮ್ಮನ ದನಿ ತಾನಾಗಿ ಏರಿತು. ‘ಇದ್ರೂ ಮುಟ್ಟಿ. ತೊಳ್ಕೊಂಡ್ರೆ ಹೋಗುತ್ತೆ.’

ಆ ಹೆಂಗಸಿಗೆ ಕೋಪ ಬಂತೋ ಅವಮಾನವಾಯಿತೋ ಗೊತ್ತಾಗಲಿಲ್ಲ. ಅವಳು ಮಗಳ ತಲೆಯ ಮೇಲೆ ಕೈ ಇಟ್ಟಳು, ಮೊದಲು ಬೆರಳ ತುದಿ, ಆಮೇಲೆ ಅಂಗೈ. ಹುಡುಗಿ ಅಲುಗಾಡಲಿಲ್ಲ. ಬಸ್ಸು ಬರುವ ತನಕ ಆ ಕೈ ಅಲ್ಲೇ ಇತ್ತು.

ಹುಡುಗಿ ಕಿಟಕಿಯ ಪಕ್ಕದ ಸೀಟು ಹಿಡಿದಳು. ಆಯಮ್ಮ ಕೈ ಬೀಸಿದಳು. ಹುಡುಗಿಯೂ ಬೀಸಿದಳೋ, ಗಾಜು ಒರೆಸಿದಳೋ, ಬಿಸಿಲಿಗೆ ಸರಿಯಾಗಿ ಕಾಣಲಿಲ್ಲ. ಒಳಗಿನಿಂದ ಗಂಡ, ‘ಬೇಳೆ ಆರಿಸೋದು ಹಾಗೇ ಇದೆ ಕಣೇ, ಬಾ’ ಎಂದು ಕೂಗಿದ. ಅವಳು ಗೇಟು ಮುಚ್ಚಿ ಒಳಗೆ ಹೋದಳು.